ಖಾಲಿ ಬುಟ್ಟಿ ಹಾರುವ ಅರೆ ಸೆಕೆಂಡು: ಮಂಗಳೂರಿನಲ್ಲಿ ಮೂರು ಕ್ಯಾಮೆರಾ ಹಿಡಿದು ತಿರುಗಿದ ಒಂದು ವರ್ಷ

ಮಂಗಳೂರಿನ ದಕ್ಕೆಗೆ, ಅಂದರೆ ಬೋಟುಗಳು ಮೀನು ಇಳಿಸುವ ಜಾಗಕ್ಕೆ, ಬೆಳಗ್ಗೆ ಆರೂವರೆಗೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಬಂಗುಡೆ ತುಂಬಿದ ಬುಟ್ಟಿ ಕೈಯಿಂದ ಕೈಗೆ ದಾಟಿ ದಡಕ್ಕೆ ಬರುತ್ತದೆ. ಖಾಲಿಯಾದ ಬುಟ್ಟಿ ಹಾರಿಕೊಂಡು ವಾಪಸ್ ಬೋಟಿಗೆ ಹೋಗುತ್ತದೆ. ಹಾಗೆ ಹಾರುವಾಗ ಅದರೊಳಗಿನ ನೀರು, ಐಸಿನ ಚೂರು ಎಲ್ಲ ಚೆಲ್ಲಿ ಬೆಳಕಿನಲ್ಲಿ ಮಿಂಚುತ್ತವೆ. ಅದು ಅರೆ ಸೆಕೆಂಡಿನ ಆಟ. ನನಗೆ ಆ ಬುಟ್ಟಿ ಬೇಕಿತ್ತು.

ಅದಕ್ಕಾಗಿ ಮೂರು ಬೆಳಗ್ಗೆ ಹೋದೆ, ಪ್ರತಿ ಸಲ ಬೇರೆ ಕ್ಯಾಮೆರಾ ಹಿಡಿದು. ಅಲ್ಲಿಂದ ಶುರುವಾದ ಹೋಲಿಕೆ ಒಂದು ವರ್ಷ ನಡೆಯಿತು. ದಕ್ಕೆ, ಸುಲ್ತಾನ್ ಬತ್ತೇರಿ, ತಣ್ಣೀರುಬಾವಿ, ಪಣಂಬೂರು, ಹಂಪನಕಟ್ಟೆ, ರಥಬೀದಿ ಎಲ್ಲ ಕಡೆಗೂ ಮೂರನ್ನೂ ಒಯ್ದು ನೋಡಿದೆ.

ಮೂರು ಯಾವುದೆಂದರೆ: ಒಂದು ನನ್ನ ಫೋನ್, ಪಿಕ್ಸೆಲ್ 7ಎ. ಎರಡನೆಯದು ರಿಕೋ ಜಿಆರ್ 3. ಅಂಗಿಯ ಜೇಬಿಗೆ ಹೋಗುವಷ್ಟು ಚಿಕ್ಕದು, ಬ್ಯಾಟರಿ ಸೇರಿ 257 ಗ್ರಾಂ, ಆದರೆ ಒಳಗಿರುವುದು ಡಿಎಸ್‌ಎಲ್‌ಆರ್‌ನಲ್ಲಿರುವಂಥ ಎಪಿಎಸ್-ಸಿ ಎಂಬ ದೊಡ್ಡ ಸೆನ್ಸಾರ್. ಜೂಮ್ ಇಲ್ಲ, 28 ಮಿ.ಮೀ.ಗೆ ಸಮನಾದ, ಅಗಲ ನೋಟದ ಒಂದೇ ಲೆನ್ಸ್. ಮೂರನೆಯದು ಹಳೆಯ ಡಿಎಸ್‌ಎಲ್‌ಆರ್, ನಿಕಾನ್ ಡಿ5600, ಜೊತೆಗೆ 18-55 ಮತ್ತು 55-200 ಮಿ.ಮೀ. ಜೂಮ್ ಲೆನ್ಸ್‌ಗಳು. ಸಣ್ಣ ಲೆನ್ಸ್ ಹಾಕಿದರೇ ಏಳುನೂರು ಗ್ರಾಂ ಹತ್ತಿರ ತೂಗುತ್ತದೆ.

ನಾನು ಪ್ಲಾನ್ ಮಾಡಿಕೊಂಡು ಫೋಟೋ ತೆಗೆಯುವವನಲ್ಲ. ಮನೆಯಿಂದ ಹೊರಟು ಕಾಲು ಕರೆದುಕೊಂಡು ಹೋದ ಕಡೆ ಹೋಗುತ್ತೇನೆ. ಹಾಗಾಗಿ ನನಗೆ ಮೆಗಾಪಿಕ್ಸೆಲ್‌ಗಿಂತ ಜಾಸ್ತಿ ಮುಖ್ಯವಾದದ್ದು ಎರಡೇ ವಿಷಯ. ಕಂಡ ಕೂಡಲೇ ತೆಗೆಯಲು ಆಗುತ್ತದಾ? ಕ್ಯಾಮೆರಾ ಕಂಡ ಕೂಡಲೇ ಎದುರಿನವರ ಮುಖ ಏನಾಗುತ್ತದೆ?

ದಕ್ಕೆಯ ಮೊದಲ ಬೆಳಗ್ಗೆ ಫೋನ್. ಪವರ್ ಬಟನ್ ಎರಡು ಸಲ ಒತ್ತಿದರೆ ಕ್ಯಾಮೆರಾ ತೆರೆಯುತ್ತದೆ, ಅಲ್ಲಿವರೆಗೆ ಚೆನ್ನ. ಆದರೆ ದಕ್ಕೆಯಲ್ಲಿ ಕೈ ಒಣಗಿರುವುದಿಲ್ಲ. ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಸ್ಪಂದಿಸುವುದೇ ಇಲ್ಲ. ವಾಲ್ಯೂಮ್ ಬಟನ್ನಿನಲ್ಲಿ ತೆಗೆಯುವುದು ಕಲಿತ ಮೇಲೆ ಆ ತೊಂದರೆ ಹೋಯಿತು. ಬುಟ್ಟಿ ಸಿಕ್ಕಿತು, ನಿಜ. ಮನೆಗೆ ಬಂದು ನೋಡಿದರೆ ಫೋನ್ ತಾನೇ ನೆರಳನ್ನೆಲ್ಲ ಎತ್ತಿ ಬೆಳಗಿಸಿಬಿಟ್ಟಿದೆ. ಸೂರ್ಯ ಊರಿನ ಹಿಂದಿನಿಂದ, ಪೂರ್ವದಿಂದ ಏಳುವಾಗ, ದಕ್ಕೆಯ ಅಂಚಿನಲ್ಲಿ ನಿಂತು ಊರಿನ ಕಡೆ ನೋಡಿದರೆ ಜನ ಕಪ್ಪಗೆ, ಅಂಚಿಗೆ ಮಾತ್ರ ಚಿನ್ನದ ಗೆರೆ ಎಳೆದ ಹಾಗೆ ಕಾಣುತ್ತಾರೆ. ನನಗೆ ಬೇಕಿದ್ದದ್ದು ಆ ಕಪ್ಪು. ಫೋನ್ ಕೊಟ್ಟದ್ದು ಎಲ್ಲರ ಮುಖವೂ ಮಧ್ಯಾಹ್ನದ ಹಾಗೆ ಕಾಣುವ ಚಿತ್ರ. ಬ್ರೈಟ್‌ನೆಸ್ ಕೆಳಗೆಳೆದು ತೆಗೆದರೆ ಸ್ವಲ್ಪ ಸರಿಯಾಗುತ್ತದೆ. ಆದರೆ ಸ್ಕ್ರೀನಿನಲ್ಲಿ ಅದನ್ನು ಎಳೆಯುವಷ್ಟರಲ್ಲಿ ಬುಟ್ಟಿ ಬೋಟಿಗೆ ಮುಟ್ಟಿರುತ್ತದೆ.

ಎರಡನೇ ಬೆಳಗ್ಗೆ ಡಿಎಸ್‌ಎಲ್‌ಆರ್. ಕಣ್ಣಿಗೆ ಹಿಡಿದ ಕೂಡಲೇ ಲೋಕ ಸ್ವಚ್ಛವಾಗಿ ಕಾಣುತ್ತದೆ. ವ್ಯೂಫೈಂಡರಿನ ಸುಖವೇ ಬೇರೆ. ಬುಟ್ಟಿಯನ್ನು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ನಿಲ್ಲಿಸಿದೆ. ಹನಿ ಹನಿಯೂ ಬಂತು. ಆದರೆ ಹಿಂದಿದ್ದ ಮೂವರು ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಆ ಚಿತ್ರದಲ್ಲಿ ಬುಟ್ಟಿಗಿಂತ ನಾನೇ ಜಾಸ್ತಿ ಇದ್ದೇನೆ ಅನಿಸಿತು.

ಮೂರನೇ ಬೆಳಗ್ಗೆ ಜಿಆರ್. ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಬೀದಿಯಲ್ಲಿ ತೆಗೆಯುವವರಿಗೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ಈ ಕ್ಯಾಮೆರಾದಲ್ಲಿ ಸ್ನ್ಯಾಪ್ ಫೋಕಸ್ ಎಂಬುದುಂಟು. ದೂರವನ್ನು ಮೊದಲೇ ನಿಗದಿ ಮಾಡಿ ಇಡುವುದು. ನಾನು ಎರಡೂವರೆ ಮೀಟರಿಗೆ ಇಟ್ಟು, ಅಪರ್ಚರನ್ನು, ಅಂದರೆ ಬೆಳಕು ಒಳಗೆ ಬರುವ ಕಿಂಡಿಯನ್ನು, ಕಿರಿದು ಮಾಡಿ ಎಫ್ 8ಕ್ಕೆ ಇಟ್ಟೆ. ಲೆನ್ಸ್ ಅಗಲ ನೋಟದ್ದಾದ ಕಾರಣ, ಹಾಗೆ ಇಟ್ಟರೆ ಸುಮಾರು ಒಂದೂಕಾಲು ಮೀಟರಿನಿಂದ ಹಿಡಿದು ದೂರದ ತೆಂಗಿನ ಸಾಲಿನವರೆಗೆ ಎಲ್ಲವೂ ಸ್ಪಷ್ಟವಾಗಿಯೇ ಬರುತ್ತದೆ. ಅಂದರೆ ಕ್ಯಾಮೆರಾ ಫೋಕಸ್ ಹುಡುಕುವ ಕೆಲಸವೇ ಇಲ್ಲ. ಬಟನ್ ಪೂರ್ತಿ ಒತ್ತಿದರೆ ಆಯಿತು. ಎದೆಯ ಹತ್ತಿರ ಹಿಡಿದು, ಬುಟ್ಟಿ ಎಸೆಯುವವನ ಹೆಗಲು ಹಿಂದಕ್ಕೆ ಹೋದದ್ದು ಕಂಡ ಕೂಡಲೇ ಒತ್ತಿದೆ. ಹನ್ನೊಂದು ಸಲ ತಪ್ಪಿತು. ಹನ್ನೆರಡನೆಯದರಲ್ಲಿ ಬುಟ್ಟಿ, ಐಸು, ಬುಟ್ಟಿಯ ಕೆಳಗೆ ಬಗ್ಗಿದ ಒಬ್ಬ ಹುಡುಗ, ಮೇಲೆ ಒಂದು ಗರುಡ, ಎಲ್ಲ ಒಟ್ಟಿಗೆ ಸಿಕ್ಕಿತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಆ ಚಿತ್ರ ಈಗ ಮನೆಯ ಗೋಡೆಯಲ್ಲಿದೆ.

ಇನ್ನು ಮುಖದ ವಿಷಯ. ದಕ್ಕೆಯ ಹೊರಗೆ ಮೀನು ಮಾರುವ ಅಕ್ಕ ಒಬ್ಬರು ಮೂರೂ ಸಲ ಸಿಕ್ಕಿದರು. ಫೋನ್ ಎತ್ತಿದಾಗ ಅವರು ಸೆರಗು ಮುಖಕ್ಕೆ ಹಿಡಿದರು. "ರೀಲ್ಸ್ ಎಲ್ಲ ಬೇಡ ಮಾರಾಯ್ರೆ, ಮನೆಯಲ್ಲಿ ಮಕ್ಕಳು ಬೈತಾರೆ" ಅಂದರು. ನಾನು ಅಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ. ಫೋನ್ ಎಲ್ಲರ ಕೈಯಲ್ಲೂ ಇರುವುದರಿಂದ ಯಾರೂ ಗಮನಿಸುವುದಿಲ್ಲ ಎಂದೇ ನಂಬಿದ್ದೆ. ಈಗ ಜನರಿಗೆ ಹೆದರಿಕೆ ಇರುವುದು ಫೋನಿನದ್ದೇ. ಅದರಲ್ಲಿ ತೆಗೆದದ್ದು ಸಂಜೆಯೊಳಗೆ ಊರಿಡೀ ತಿರುಗುತ್ತದೆ ಎಂಬುದು ಅವರಿಗೆ ಗೊತ್ತು. ಡಿಎಸ್‌ಎಲ್‌ಆರ್ ಕಂಡಾಗ "ಯಾವ ಪೇಪರಿನವರು?" ಎಂದು ಕೇಳಿ, ನೆಟ್ಟಗೆ ಕೂತು, ಐಸಿನ ರೇಟು ಹೇಳಲು ಶುರು ಮಾಡಿದರು. ಜಿಆರ್ ಕಂಡಾಗ "ಇದೆಂತ, ರೀಲ್ ಹಾಕುವ ಹಳೇ ಕ್ಯಾಮೆರವಾ?" ಎಂದು ನಕ್ಕರು. ತೆಗೆಯಲಾ ಅಂತ ಕೇಳಿದೆ. "ನನ್ನದು ಎಂತಕ್ಕೆ ತೆಗೆಯುದು, ಅಂಜಲ್ ಉಂಟು, ಅದರದ್ದು ತೆಗೀರಿ" ಅಂದರು. ಆ ಅಂಜಲ್ ಮೀನು ತೋರಿಸುತ್ತಾ ಕೈ ಎತ್ತಿದಾಗಿನ ಅವರ ಚಿತ್ರ ನನ್ನ ವರ್ಷದ ಒಳ್ಳೆಯ ಚಿತ್ರಗಳಲ್ಲಿ ಒಂದು. ಒಂದು ಪ್ರಿಂಟ್ ಹಾಕಿಸಿ ಕೊಟ್ಟಿದ್ದೇನೆ. ಮುಖ ಸ್ಪಷ್ಟವಾಗಿ ಕಾಣುವ ಚಿತ್ರವಾದರೆ ಕೇಳಿಯೇ ತೆಗೆಯಿರಿ. ಬೇಡ ಅಂದರೆ ಅಲ್ಲಿಗೆ ಬಿಡಿ. ಇದು ಕ್ಯಾಮೆರಾಕ್ಕಿಂತ ದೊಡ್ಡ ವಿಷಯ.

ಸಮುದ್ರದ ಕಡೆ ಹೋದರೆ ಲೆಕ್ಕ ಬದಲಾಗುತ್ತದೆ.

ಸುಲ್ತಾನ್ ಬತ್ತೇರಿಯಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರವಿದೆ. ಅದರ ಪಕ್ಕದಿಂದಲೇ ಗುರುಪುರ ನದಿ ದಾಟಿ ತಣ್ಣೀರುಬಾವಿಗೆ ದೋಣಿ ಹೋಗುತ್ತದೆ. ಕೆಲವೇ ನಿಮಿಷದ ದಾರಿ. ದೋಣಿಯಲ್ಲಿ ಮೂರರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಯೋಚನೆಯೇ ಬೇಡ, ಫೋನ್. ನೀರು ಹಾರಿದರೂ ಹೆದರಿಕೆ ಇಲ್ಲ, ಒಂದು ಕೈ ಅಂಚು ಹಿಡಿಯಲು ಖಾಲಿ ಇರುತ್ತದೆ. ಡಿಎಸ್‌ಎಲ್‌ಆರ್ ಹಿಡಿದವನಿಗೆ ದಾರಿಯುದ್ದಕ್ಕೂ ಬ್ಯಾಗಿನದ್ದೇ ಚಿಂತೆ.

ಆದರೆ ತಣ್ಣೀರುಬಾವಿಯ ಗಾಳಿಮರಗಳ ಸಾಲು ದಾಟಿ ಮರಳಿಗೆ ಇಳಿದ ಮೇಲೆ ಡಿಎಸ್‌ಎಲ್‌ಆರ್‌ಗೆ ಸಾಟಿ ಇಲ್ಲ. ಮೊದಲ ಕಾರಣ ವ್ಯೂಫೈಂಡರ್. ಸಂಜೆ ನಾಲ್ಕು ಗಂಟೆಯ ಬಿಸಿಲಲ್ಲಿ ಫೋನಿನ ಸ್ಕ್ರೀನ್ ಕನ್ನಡಿಯಾಗುತ್ತದೆ, ಕಾಣುವುದು ನಮ್ಮ ಮುಖವೇ. ಜಿಆರ್‌ಗೂ ವ್ಯೂಫೈಂಡರ್ ಇಲ್ಲ, ಅಂದಾಜಿನಲ್ಲಿ ಒತ್ತಬೇಕು. ಬೀದಿಯಲ್ಲಿ ಅಂದಾಜು ನಡೆಯುತ್ತದೆ. ದಿಗಂತದ ಗೆರೆ ಸೊಟ್ಟಗಾದರೆ ಸಮುದ್ರದ ಚಿತ್ರ ಕೆಟ್ಟಿತು. ಎರಡನೇ ಕಾರಣ ಉದ್ದದ ಲೆನ್ಸ್. ಪಣಂಬೂರಿನಿಂದ ನೋಡಿದರೆ ಬಂದರಿನ ಒಳಗೆ ಬರಲು ಸರದಿ ಕಾಯುವ ಹಡಗುಗಳು ದೂರದಲ್ಲಿ ನಿಂತಿರುತ್ತವೆ. 28 ಮಿ.ಮೀ.ನಲ್ಲಿ ಅವು ಸಾಸಿವೆ ಕಾಳು. 200ರಲ್ಲಿ ತೆಗೆದರೆ ಮುಳುಗುವ ಸೂರ್ಯನ ಪಕ್ಕದಲ್ಲೇ ಹಡಗು, ಅದರ ಮುಂದೆ ನೀರಲ್ಲಿ ಆಡುವ ಮಕ್ಕಳು, ಎಲ್ಲ ಹತ್ತಿರಕ್ಕೆ ಬಂದು ಕೂರುತ್ತವೆ. ಫೋನಿನಲ್ಲಿ ಜೂಮ್ ಮಾಡಿ ನೋಡಿದೆ. ಹಡಗು ಬಣ್ಣ ಬಳಿದ ಆಟಿಕೆಯ ಹಾಗೆ ಬಂತು. ಒಂದು ಎಚ್ಚರಿಕೆ: ಡಿಎಸ್‌ಎಲ್‌ಆರ್ ವ್ಯೂಫೈಂಡರಿನಲ್ಲಿ ಉದ್ದ ಲೆನ್ಸ್ ಹಾಕಿ ಸೂರ್ಯನನ್ನು ನೇರ ನೋಡಬೇಡಿ, ಕಣ್ಣಿಗೆ ಅಪಾಯ. ಸೂರ್ಯ ಕೆಂಪಗಾಗಿದ್ದರೂ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಸ್ಕ್ರೀನಿನಲ್ಲಿ, ನೋಡಿ ತೆಗೆಯಿರಿ.

ಕಡಲ ತೀರದಲ್ಲಿ ನಾನು ಮಾಡಿದ ತಪ್ಪು ಒಂದಿದೆ. ತಣ್ಣೀರುಬಾವಿಯಲ್ಲಿ ಕೂತೆದ್ದು, ಮರಳು ಸೇರಿದ್ದ ಪ್ಯಾಂಟಿನ ಜೇಬಿಗೇ ಜಿಆರ್ ಹಾಕಿದೆ. ಅದರ ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಂಥದ್ದು. ಮರಳು ಸಿಕ್ಕಿ ಕಿರ್ ಕಿರ್ ಎಂದಿತು. ಬ್ಲೋವರಿನಲ್ಲಿ ಊದಿ ಊದಿ ಸರಿಮಾಡಿದೆ, ಎರಡು ದಿನ ನಿದ್ದೆ ಬರಲಿಲ್ಲ. ಆಮೇಲೆ ಅದಕ್ಕೊಂದು ಸಣ್ಣ ಜಿಪ್ ಚೀಲ ಹೊಲಿಸಿದೆ. ಡಿಎಸ್‌ಎಲ್‌ಆರ್‌ಗೂ ಅಷ್ಟೇ, ತೀರದಲ್ಲಿ ಲೆನ್ಸ್ ಬದಲಿಸುವುದು ಬೇಡ. ಯಾವುದು ಬೇಕೋ ಮನೆಯಲ್ಲೇ ಹಾಕಿಕೊಂಡು ಹೋಗುವುದು. ವಾಪಸ್ ಬಂದ ಮೇಲೆ ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಲ್ಲಿ ಕ್ಯಾಮೆರಾದ ಮೈ ಒರೆಸಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪು ಗೀರುತ್ತದೆ.

ಬೆಳಕಿನ ಬಗ್ಗೆ ಒಂದು ಮಾತು, ಇದು ಮೂರಕ್ಕೂ ಅನ್ವಯ. ಏಪ್ರಿಲ್ ಕೊನೆಯ ವಾರದಲ್ಲಿ ಮಂಗಳೂರಿನಲ್ಲಿ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತಾನೆ. ಕಂಬಕ್ಕೆ ನೆರಳೇ ಇರುವುದಿಲ್ಲ. ಆ ಹೊತ್ತಿಗೆ ಯಾವ ಕ್ಯಾಮೆರಾ ಹಿಡಿದರೂ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ ಬರುತ್ತವೆ. ನಾನು ಹನ್ನೊಂದರಿಂದ ಮೂರರವರೆಗೆ ಸೆಂಟ್ರಲ್ ಮಾರ್ಕೆಟ್ ಸುತ್ತಿನ ಅಂಗಡಿಗಳ ಸೂರಿನ ಕೆಳಗೆ ಮಾತ್ರ ತೆಗೆಯುತ್ತೇನೆ.

ಮಳೆಗಾಲಕ್ಕೆ ಬರೋಣ. ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರು ಇದು. ಜೂನ್‌ನಿಂದ ನಾಲ್ಕು ತಿಂಗಳು ಕ್ಯಾಮೆರಾ ಒಳಗಿಟ್ಟರೆ ಊರಿನ ಅರ್ಧ ಮುಖವನ್ನೇ ಬಿಟ್ಟ ಹಾಗೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಮಳೆ ಸುರಿಯುವಾಗ ನಿಂತು ನೋಡಿ. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ಅರ್ಧ ಹೊರಗೆ ನೇತಾಡುತ್ತಾ "ಸುರತ್ಕಲ್ ಸುರತ್ಕಲ್" ಎಂದು ಕೂಗುತ್ತಾನೆ, ಕಾಲೇಜು ಮಕ್ಕಳು ಒಂದೇ ಕೊಡೆಯಲ್ಲಿ ನಾಲ್ವರು ಓಡುತ್ತಾರೆ. ಇಲ್ಲಿ ಗೆದ್ದದ್ದು ಫೋನ್. ಜಿಆರ್‌ಗೂ ಡಿ5600ಗೂ ಮಳೆ ತಡೆಯುವ ಕಟ್ಟು ಇಲ್ಲ. ಎಸಿ ಕೋಣೆಯಿಂದ ಹೊರಗೆ ತಂದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ, ಆರಲು ಹತ್ತು ನಿಮಿಷ ಕಾಯಬೇಕು. ಅಷ್ಟರಲ್ಲಿ ಬಸ್ ಹೋಯಿತು, ಅಲ್ವಾ? ಹೊರಡುವ ಮೊದಲೇ ಕ್ಯಾಮೆರಾವನ್ನು ಎಸಿ ಇಲ್ಲದ ಕೋಣೆಯಲ್ಲಿ ಇಟ್ಟರೆ ಈ ಕಾಟ ತಪ್ಪುತ್ತದೆ. ಕೂಡಿಡುವಾಗ ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಈ ಊರಿನಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು. ನನ್ನ ಹಳೆಯ ಲೆನ್ಸ್ ಒಂದು ಹಾಗೆಯೇ ಹೋಯಿತು.

ಫೋನಿನಲ್ಲಿ ಮಳೆಯ ಚಿತ್ರ ತೆಗೆಯುವವರಿಗೆ ನನ್ನ ಒಂದು ಸಲಹೆ. ಫೋನಿಗೆ ಬೂದಿ ಬಣ್ಣ ಅರ್ಥವಾಗುವುದಿಲ್ಲ. ಆಷಾಢದ ಮೋಡವನ್ನು ಅದು ನೀಲಿ ಮಾಡಿ, ಹಂಚಿನ ಮಾಡನ್ನು ಕಿತ್ತಳೆ ಮಾಡಿ ಕೊಡುತ್ತದೆ. ರಾ ಫೈಲ್, ಅಂದರೆ ಫೋನ್ ತಿದ್ದದ ಮೂಲ ಚಿತ್ರ, ಉಳಿಸುವ ಆಯ್ಕೆ ಆನ್ ಮಾಡಿ, ಮನೆಗೆ ಬಂದು ನೀವೇ ಬಣ್ಣ ಇಳಿಸಿ. ಮಳೆಗೆ ನೆನೆದ ಮಂಗಳೂರು ಹಂಚು ಕಿತ್ತಳೆ ಅಲ್ಲ, ಕಪ್ಪು ತಿರುಗಿದ ಕೆಂಪು. ಅಂಚಿನಲ್ಲಿ ಪಾಚಿಯ ಹಸಿರು. ಅದು ಹಾಗೇ ಬರಬೇಕು.

ರಥಬೀದಿಯಲ್ಲಿ ಸಂಜೆ ಏಳು ಗಂಟೆಗೆ ಮೂರನ್ನೂ ಒಂದೇ ದಿನ ಹೋಲಿಸಿದೆ. ಮಲ್ಲಿಗೆ ಮಾರುವ ಅಂಗಡಿ, ಮೇಲೆ ಒಂದು ಬಿಳಿ ಬಲ್ಬು, ಹಿಂದೆ ಹಳದಿ ಬೆಳಕು. ಫೋನ್ ಎರಡೂ ಬೆಳಕನ್ನು ಸಮ ಮಾಡಿ ಸಪ್ಪೆ ಮಾಡಿತು. ಡಿಎಸ್‌ಎಲ್‌ಆರ್‌ನ 18-55 ಲೆನ್ಸಿಗೆ ಆ ಬೆಳಕು ಸಾಲದು, ಜೂಮ್ ಮಾಡಿದ ಕೂಡಲೇ ಕೈ ನಡುಗಿದ್ದು ಚಿತ್ರದಲ್ಲಿ ಕಂಡಿತು. ಜಿಆರ್‌ನಲ್ಲಿ ಕಿಂಡಿ ಪೂರ್ತಿ ತೆರೆದು ಎಫ್ 2.8, ಬೆಳಕು ಹಿಡಿಯುವ ಐಎಸ್‌ಒ ಏರಿಸಿ 3200, ಎಕ್ಸ್‌ಪೋಷರ್ ಸ್ವಲ್ಪ ತಗ್ಗಿಸಿ ತೆಗೆದೆ. ಮೊಗ್ಗುಗಳು ಒಂದೊಂದಾಗಿ ಬಿಡಿಬಿಡಿಯಾಗಿ ಬಂದವು. ಅಟ್ಟೆ, ಅಂದರೆ ಮಲ್ಲಿಗೆಯ ಕಟ್ಟು, ಸುತ್ತುವ ಬೆರಳಿನ ಮೇಲಿನ ಬಾಳೆನಾರು ಕೂಡ ಕಂಡಿತು.

ಜಿಆರ್‌ನ ಕೊರತೆಯನ್ನೂ ಹೇಳಬೇಕು. ಒಂದು ಬ್ಯಾಟರಿಗೆ ಸುಮಾರು 200 ಚಿತ್ರ ಎಂದು ಕಂಪನಿಯೇ ಹೇಳುತ್ತದೆ. ನಾನು ಎರಡು ಬ್ಯಾಟರಿ ಜಾಸ್ತಿ ಇಟ್ಟುಕೊಳ್ಳುತ್ತೇನೆ. ಜೂಮ್ ಇಲ್ಲ, ಹತ್ತಿರ ಹೋಗಲೇಬೇಕು. ನಾಚಿಕೆ ಸ್ವಭಾವದವರಿಗೆ ಮೊದಲ ತಿಂಗಳು ಕಷ್ಟ. ಆದರೆ ಹತ್ತಿರ ಹೋದರೆ ಮಾತು ಆಗುತ್ತದೆ. ಮಾತಾದ ಮೇಲೆ ತೆಗೆದ ಚಿತ್ರವೇ ಬೇರೆ.

ಒಂದೇ ಕೊಳ್ಳುವುದಾದರೆ ಯಾವುದು ಎಂದು ಗೆಳೆಯರು ಕೇಳುತ್ತಾರೆ. ಬೀದಿ, ಮಾರ್ಕೆಟ್, ದಕ್ಕೆ ಎಂದರೆ ನನ್ನ ಉತ್ತರ ಜಿಆರ್. ಸಮುದ್ರ, ಹಡಗು, ಹಕ್ಕಿ ಎಂದರೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಸಾಕು, ಹೊಸದು ಬೇಡ. ಈಗಷ್ಟೇ ಶುರು ಮಾಡುವವರು ಏನೂ ಕೊಳ್ಳಬೇಡಿ. ಕೈಯಲ್ಲಿರುವ ಫೋನ್ ಹಿಡಿದು ಒಂದು ಮಳೆಗಾಲ ತಿರುಗಿ. ನಿಮ್ಮ ಕಾಲು ಬೀದಿಗೆ ಎಳೆಯುತ್ತದಾ ತೀರಕ್ಕೆ ಎಳೆಯುತ್ತದಾ ಎಂದು ಆಗ ಗೊತ್ತಾಗುತ್ತದೆ.

ಡಿ5600 ಮಾರಬೇಕೆಂದು ಎರಡು ಸಲ ಹೊರಟು ನಿಲ್ಲಿಸಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ದಕ್ಕೆಯಲ್ಲಿ ಬಲೆ ಹೊಲಿಯುವವರು, ಬಣ್ಣ ಬಳಿಯುವವರು ಮಾತ್ರ. ಅಲ್ಲಿಗೆ ಜಿಆರ್ ಒಯ್ಯುತ್ತೇನೆ. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಅಳಿವೆ ದಾಟಿ ಹೊರಡುವ ಬೆಳಗ್ಗೆ ನದಿಯಾಚೆಯ ಬೆಂಗ್ರೆಗೆ ದೋಣಿ ಹಿಡಿದು, 55-200 ಹಾಕಿಕೊಂಡು, ಮರಳಿನ ತುದಿಯಲ್ಲಿ ನಿಲ್ಲುವುದೆಂದು ಈಗಲೇ ತೀರ್ಮಾನಿಸಿದ್ದೇನೆ.