ರೆಕ್ಕೆ ಕೀಲ್ ಇರುವ ದೋಣಿ ಕೊಳ್ಳುವ ಮುಂಚೆ ನನ್ನ ಕತೆ ಕೇಳಿ

ಮೇರಿಲ್ಯಾಂಡ್‌ನಲ್ಲಿರುವ ಇಬ್ಬರು ಗೆಳೆಯರು ಹಳೇ ಹಾಯಿದೋಣಿ ಹುಡುಕುತ್ತಿದ್ದಾರೆ. ಇಬ್ಬರದೂ ಒಂದೇ ಪ್ರಶ್ನೆ, "ಡ್ರಾಫ್ಟ್ ಎಷ್ಟಿದ್ರೆ ಸಾಕು?" ನೀರಿನೊಳಗೆ ದೋಣಿ ಎಷ್ಟು ಆಳ ಇಳಿದಿರುತ್ತೆ ಅನ್ನೋ ಲೆಕ್ಕ ಅದು. ನಾನೂ ಅದೊಂದನ್ನೇ ಕೇಳಿ ಕೆಟ್ಟವನು.

ನಾವು ದೋಣಿ ಬಿಡುವ ಚೆಸಪೀಕ್ ಕೊಲ್ಲಿ ನೋಡೋಕೆ ಸಮುದ್ರದ ಹಾಗೇ ಇದೆ. ಉದ್ದ ಸುಮಾರು 200 ಮೈಲಿ. ಆದರೆ ಸೇರುವ ನದಿಗಳನ್ನೂ ಹಿಡಿದು ಸರಾಸರಿ ಆಳ 21 ಅಡಿ ಅಷ್ಟೇ. ರಾತ್ರಿ ಲಂಗರು ಹಾಕೋಕೆ ಚೆನ್ನಾಗಿರುವ ಸಣ್ಣ ತೊರೆಗಳಲ್ಲಂತೂ ಎಷ್ಟೋ ಕಡೆ ಐದಾರು ಅಡಿ ನೀರು, ಅದರ ಕೆಳಗೆ ಬೆಣ್ಣೆಯಂಥ ಕೆಸರು. ಹಾಗಾಗಿ 28 ಅಡಿಯ ದೋಣಿಗೆ ಬರೀ 3 ಅಡಿ 8 ಇಂಚು ಡ್ರಾಫ್ಟ್ ಅಂತ ಜಾಹೀರಾತು ಕಂಡಾಗ ಖುಷಿಯಾಯಿತು. ಕೀಲ್ ಅಂದರೆ ದೋಣಿ ಮಗುಚದಂತೆ ತಳದಿಂದ ಕೆಳಕ್ಕೆ ಚಾಚಿರುವ ಭಾರದ ಭಾಗ. ಅದೇ ಅಳತೆಯ ಬೇರೆ ದೋಣಿಗಳಲ್ಲಿ ನೇರ ಹಲಗೆಯಂಥ ಫಿನ್ ಕೀಲ್ ಇದ್ದು ಡ್ರಾಫ್ಟ್ ಐದಡಿ ದಾಟುತ್ತೆ. ಇದರದ್ದು ರೆಕ್ಕೆ ಕೀಲ್. ಗಿಡ್ಡ ಕೀಲ್, ಅದರ ತುದಿಯಲ್ಲಿ ಎರಡೂ ಕಡೆ ಚಾಚಿದ ಭಾರದ ರೆಕ್ಕೆ.

"1983ರಲ್ಲಿ ಅಮೆರಿಕಾಸ್ ಕಪ್ ಗೆದ್ದ ಆಸ್ಟ್ರೇಲಿಯಾ 2 ದೋಣಿಗೂ ಇಂಥದ್ದೇ ಇತ್ತು" ಅಂದರು ಮಾರುವವರು. ಅದು ನಿಜ. 132 ವರ್ಷ ಅಮೆರಿಕದಲ್ಲೇ ಇದ್ದ ಈ ಹಾಯಿದೋಣಿ ಪಂದ್ಯದ ಕಪ್ ಆ ಸಲ ಕೈತಪ್ಪಿತು. ಆದರೆ ಆ ದೋಣಿ ಓಡಿದ್ದು ನ್ಯೂಪೋರ್ಟ್ ಹೊರಗಿನ ಆಳ ಸಮುದ್ರದಲ್ಲಿ. ಕೆಸರಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದು ನನಗೆ ಆಗ ಹೊಳೆಯಲಿಲ್ಲ.

ಅಕ್ಟೋಬರ್‌ನ ಒಂದು ಶನಿವಾರ ಅನ್ನಾಪೊಲಿಸ್‌ನ ದಕ್ಷಿಣಕ್ಕಿರುವ ರೋಡ್ ನದಿಯಲ್ಲಿ ಲಂಗರು ಹಾಕಿದೆವು. ನಾನು, ನನ್ನ ಹೆಂಡತಿ, ಒಬ್ಬ ಗೆಳೆಯ. ರಾತ್ರಿಯಿಡೀ ವಾಯವ್ಯದಿಂದ ಜೋರು ಗಾಳಿ. ಇಲ್ಲಿ ಉಬ್ಬರ ಇಳಿತ ಒಂದಡಿ ಆಸುಪಾಸು, ಕುಂದಾಪುರದ ಅಳಿವೆ ನೋಡಿ ಬೆಳೆದವನಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಈ ಗಾಳಿ ಕೊಲ್ಲಿಯ ನೀರನ್ನೇ ಹೊರಗೆ ತಳ್ಳುತ್ತೆ. ನಕ್ಷೆಯಲ್ಲಿ ಬರೆದದ್ದಕ್ಕಿಂತ ನೀರು ಒಂದೆರಡು ಅಡಿ ಕೆಳಗೆ ಹೋಗಬಹುದು. ಬೆಳಗ್ಗೆ ಹೊರಟು ಹತ್ತು ನಿಮಿಷವಾಗಿರಲಿಲ್ಲ, ದೋಣಿ ಸದ್ದಿಲ್ಲದೆ ನಿಂತಿತು. ಬಡಿತ ಇಲ್ಲ, ಏನಿಲ್ಲ. ಸುಮ್ನೆ ಕೂತುಬಿಟ್ಟಿತು.

ಆಳ ತೋರಿಸುವ ಮೀಟರ್‌ನಲ್ಲಿ 2.7 ಅಡಿ ಅಂತ ಇತ್ತು. ಕೀಲ್ ಕೆಳಗೆ ಇನ್ನೂ ಅಷ್ಟು ನೀರಿದೆ ಅಂದುಕೊಂಡಿದ್ದೆ. ಸೆನ್ಸರ್ ಇರುವುದು ನೀರಿನ ಮಟ್ಟದಿಂದ ಒಂದಡಿ ಕೆಳಗೆ. ಹಳೇ ಮಾಲೀಕರು ಅಲ್ಲಿಂದಲೇ ಅಳೆಯುವ ಹಾಗೆ ಬಿಟ್ಟಿದ್ದರು. ಒಂದು ಕೂಡಿಸಿದರೆ 3.7, ಅಂದರೆ ಸರಿಯಾಗಿ ನನ್ನ ಡ್ರಾಫ್ಟ್! ಐದು ತಿಂಗಳು ಆ ಮೀಟರ್ ನಂಬಿ ಓಡಾಡಿದ್ದೆ.

ಆಮೇಲೆ ಪುಸ್ತಕದಲ್ಲಿ ಓದಿದ್ದನ್ನೇ ಮಾಡಿದೆವು. ಬೂಮ್, ಅಂದರೆ ಹಾಯಿಯ ಕೆಳಗಿನ ಅಡ್ಡಗೋಲನ್ನು ಹೊರಗೆ ಹಾಕಿ, ಗೆಳೆಯನನ್ನು ಅದರ ತುದಿಗೆ ನೇತುಹಾಕಿ ದೋಣಿ ವಾಲಿಸಿದೆವು. ಫಿನ್ ಕೀಲ್ ಆಗಿದ್ದರೆ ವಾಲಿದಷ್ಟೂ ಅದರ ತುದಿ ಮೇಲೆದ್ದು ದೋಣಿ ಬಿಡಿಸಿಕೊಳ್ಳುತ್ತೆ. ಐದಡಿಯ ಕೀಲ್ 30 ಡಿಗ್ರಿ ವಾಲಿದರೆ ಡ್ರಾಫ್ಟ್ ಹೆಚ್ಚುಕಮ್ಮಿ ಎಂಟು ಇಂಚು ಕಡಿಮೆಯಾಗುತ್ತೆ. ರೆಕ್ಕೆ ಕೀಲ್‌ನಲ್ಲಿ ಉಲ್ಟಾ. ಒಂದು ರೆಕ್ಕೆ ಏಳುತ್ತೆ, ಇನ್ನೊಂದು ಕೆಳಗಿಳಿದು ಕೆಸರು ಅಗೆಯುತ್ತೆ. ಮನೆಗೆ ಬಂದು ರಟ್ಟು ಕತ್ತರಿಸಿ ಅಡುಗೆಮನೆ ಟೇಬಲ್ ಮೇಲೆ ನೋಡಿದೆ. ರೆಕ್ಕೆ ಒಂದಡಿ ಚಾಚಿದ್ದು 20 ಡಿಗ್ರಿ ವಾಲಿಸಿದರೆ ಆಳ ಇನ್ನೂ ಸುಮಾರು ಒಂದೂವರೆ ಇಂಚು ಜಾಸ್ತಿ ಬೇಕು. ಅಂದರೆ ಗೆಳೆಯ ನೇತಾಡಿ ನೇತಾಡಿ ನಮ್ಮನ್ನು ಇನ್ನಷ್ಟು ಹೂತಿದ್ದ, ಪಾಪ.

ಎಂಜಿನ್ ಜೋರು ಮಾಡಿದೆ. ಅದು ತಣ್ಣಗಾಗಲು ಎಳೆದುಕೊಂಡ ನೀರಿನ ಜೊತೆ ಕೆಸರೂ ನುಗ್ಗಿತು. ಬಿಸಿಯಾಗಿ ಅಲಾರಂ ಕೂಗಿಕೊಂಡಿತು. ಅಲ್ಲಿಗೆ ಅದೂ ಮುಗಿಯಿತು.

ಕೊನೆಗೆ ಎಳೆಯುವ ಬೋಟ್ ಕರೆದೆವು. ಇದನ್ನು ಮಾತ್ರ ಗಮನಿಸಿ. ಇಲ್ಲಿ ಮೆತ್ತಗೆ ಸಿಕ್ಕಿಕೊಂಡರೆ ಟೋ, ಅಂದರೆ ಬರೀ ಎಳೆಯುವ ಕೂಲಿ. ಗಟ್ಟಿಯಾಗಿ ಸಿಕ್ಕಿಕೊಂಡರೆ ಸಾಲ್ವೇಜ್. ಸಾಲ್ವೇಜ್ ಅಂದರೆ ದೋಣಿಯ ಬೆಲೆ ನೋಡಿ ದುಡ್ಡು ಕೇಳಬಹುದು. ಹಗ್ಗ ಕಟ್ಟುವ ಮುಂಚೆ ಯಾವುದು ಅಂತ ಕೇಳಿಕೊಳ್ಳಿ. ನಾನು ಎಳೆಯುವ ಕಂಪನಿಯ ವರ್ಷದ ಸದಸ್ಯತ್ವವನ್ನೂ ಮಾಡಿಸಿರಲಿಲ್ಲ. ಒಂದೂವರೆ ಗಂಟೆ ಹಿಂದಕ್ಕೆ, ಬಂದ ದಾರಿಯಲ್ಲೇ ಎಳೆದರು. ಬಿಲ್ 1,100 ಡಾಲರ್. "ಈ ಕೀಲ್‌ನವರೇ ನಮ್ಮ ಒಳ್ಳೇ ಗಿರಾಕಿಗಳು" ಅಂದರು ಅವರು, ನಗುತ್ತಾ.

ಹಾಗಾದರೆ ಯಾವುದು ಕೊಳ್ಳೋದು? ಕೆಸರಿನ ತೊರೆಗಳಿಗೇ ಹೋಗುವವರಾದರೆ ನನ್ನ ಓಟು ಸೆಂಟರ್‌ಬೋರ್ಡ್, ಅಂದರೆ ತಳದಿಂದ ಇಳಿಸಿ ಮೇಲೆತ್ತುವ ಹಲಗೆ ಇರುವ ದೋಣಿಗೆ. ಹಲಗೆ ನೆಲ ತಾಗಿದರೆ ಎತ್ತಿಕೊಂಡು ಹಿಂದಕ್ಕೆ ಬರಬಹುದು. ಆದರೆ ಕೊಳ್ಳುವ ಮುಂಚೆ ದೋಣಿಯನ್ನು ನೀರಿನಿಂದ ಎತ್ತಿಸಿ, ಹಲಗೆಯನ್ನು ಪೂರ್ತಿ ಇಳಿಸಿ ನೋಡಿ. ಎಳೆಯುವ ತಂತಿ, ತಿರುಗುವ ಪಿನ್ನು ಸವೆದಿರುತ್ತವೆ, ಸಂದಿಯಲ್ಲಿ ಚಿಪ್ಪು ಬೆಳೆದು ಹಲಗೆ ಕಚ್ಚಿಕೊಂಡಿರುತ್ತೆ. ಇಂಗ್ಲೆಂಡಿನ ಎಸೆಕ್ಸ್ ಕಡೆಯವರು ಎರಡು ಕೀಲ್‌ನ ದೋಣಿ ಹೊಗಳುತ್ತಾರೆ. ಅಲ್ಲಿ ನೀರು ನಾಲ್ಕೈದು ಮೀಟರ್ ಇಳಿದು ದೋಣಿ ನೆಲದ ಮೇಲೆ ನೆಟ್ಟಗೆ ನಿಲ್ಲಬೇಕು. ಒಂದಡಿ ಇಳಿತದ ಚೆಸಪೀಕ್‌ನಲ್ಲಿ ಆ ಲಾಭ ಅಷ್ಟಾಗಿ ಸಿಗಲ್ಲ. ಐದಡಿಯ ಫಿನ್ ಕೀಲ್ ಕೂಡ ತಪ್ಪೇನಲ್ಲ, ಒಂದಷ್ಟು ತೊರೆಗಳ ಆಸೆ ಬಿಡಬೇಕು ಅಷ್ಟೇ.

ಊರಿಗೆ ಫೋನ್ ಮಾಡಿ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಪಾತಿ ದೋಣಿ ಬಿಟ್ಟರೆ ಬೇರೆ ಹತ್ತಿದವರಲ್ಲ. "ದೋಣಿಗೆ ರೆಕ್ಕೆ ಎಂತಕ್ಕಾ ಮಾರಾಯ?" ಅಂದರು.

ಈಗ ಅದನ್ನು ಮಾರಾಟಕ್ಕೆ ಹಾಕಿದ್ದೇನೆ. ರೆಕ್ಕೆ ಕೀಲ್, ಕೆಸರಿನಲ್ಲಿ ಹುಷಾರು ಅಂತ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಎರಡು ತಿಂಗಳಾಯಿತು, ಒಂದೂ ಫೋನ್ ಬಂದಿಲ್ಲ.