ಟಿಕಾಲ್ ಒಂದು ದಿನದ ಟೂರ್: ಜಾಗಕ್ಕೆ 5, ಹೇಳುವ ಕಥೆಗೆ 2

ಗ್ವಾಟೆಮಾಲಾದ ಫ್ಲೋರೆಸ್‌ನಿಂದ ಪ್ರಾಚೀನ ಮಾಯಾ ನಗರ ಟಿಕಾಲ್‌ಗೆ ಹೊರಡುವ ಟೂರ್‌ಗಳು ಬಹುಪಾಲು ಒಂದೇ ಅಚ್ಚಿನವು. ಬೆಳಗಿನ ಜಾವ ವ್ಯಾನ್, ಒಂದೂವರೆ ಗಂಟೆ ದಾರಿ, ಗೈಡ್ ಜೊತೆ ನಾಲ್ಕು ಗಂಟೆ ನಡಿಗೆ, ಊಟ, ವಾಪಸ್. ಕಾಡು, ಕೋತಿ, ಮರಗಳ ಮೇಲೆ ತಲೆಯೆತ್ತಿದ ದೇಗುಲ ಎಲ್ಲ ಸಿಗುತ್ತವೆ, ಅದರಲ್ಲಿ ಮೋಸವಿಲ್ಲ. ಆದರೆ ಇಷ್ಟು ದೊಡ್ಡ ನಗರವನ್ನು ಜನ ಬಿಟ್ಟುಹೋದದ್ದೇಕೆ ಎಂದು ತಿಳಿಯಲು ಹೋದವರಿಗೆ ಸಾಮಾನ್ಯವಾಗಿ ಸಿಗುವುದು ‘ಬರ ಬಂತು, ಹೋದರು’ ಎಂಬ ಒಂದು ಸಾಲು. ಇಲ್ಲವೇ ‘ಅದೊಂದು ರಹಸ್ಯ’ ಎಂಬ ಜಾಣತನ. ಸಾಕ್ಷ್ಯಗಳೆಲ್ಲ ನಡೆಯುವ ದಾರಿಯಲ್ಲೇ ಇವೆ. ಅಲ್ಲಿ ನಿಲ್ಲುವುದಿಲ್ಲ, ಅಷ್ಟೇ.

ಮೊದಲು ನಿಲ್ಲಬೇಕಾದದ್ದು ದೇಗುಲದ ಮುಂದಲ್ಲ, ಕೆರೆಯ ಮುಂದೆ. ಮಹಾ ಚೌಕದ ಪಕ್ಕದ ಅರಮನೆ ಸಮುಚ್ಚಯದ ದಕ್ಷಿಣ ಅಂಚಿಗೆ ಹೋಗಿ ಕೆಳಗೆ ನೋಡಿ. ಮರ ಬೆಳೆದ ಹಳ್ಳದಂತೆ ಕಾಣುವುದೇ ಅರಮನೆ ಕೆರೆ. ಟಿಕಾಲ್‌ಗೆ ನದಿಯಿಲ್ಲ. ನೆಲ ಸುಣ್ಣಕಲ್ಲಿನದು, ಬಿದ್ದ ನೀರು ಸೋರಿ ಆಳಕ್ಕೆ ಇಳಿದುಬಿಡುತ್ತದೆ. ಮಳೆಗಾಲದಲ್ಲಿ ಹಿಡಿದಿಟ್ಟ ನೀರಿನಲ್ಲೇ ಒಣ ತಿಂಗಳುಗಳನ್ನು ದಾಟಬೇಕಿತ್ತು. ಅದಕ್ಕೆಂದೇ ಚೌಕಗಳಿಗೆಲ್ಲ ಗಾರೆ ಬಳಿದು, ಇಳಿಜಾರು ಕೊಟ್ಟು, ಮಳೆನೀರನ್ನು ಕೆರೆಗಳಿಗೆ ತಿರುಗಿಸಿದ್ದರು. ಈ ಕೆರೆಯ ಏರಿ ಸುಮಾರು 80 ಮೀಟರ್ ಉದ್ದ, 10 ಮೀಟರ್ ಎತ್ತರ. ಹಿಡಿಯುತ್ತಿದ್ದ ನೀರು ಅಂದಾಜು 75,000 ಘನ ಮೀಟರ್.

ಕೆಟ್ಟದ್ದೂ ಇಲ್ಲೇ. 2020ರಲ್ಲಿ ಪ್ರಕಟವಾದ ಹೂಳಿನ ಪರೀಕ್ಷೆಯಲ್ಲಿ ಅರಮನೆ ಕೆರೆ ಮತ್ತು ದೇಗುಲ ಕೆರೆಗಳಲ್ಲಿ ಪಾದರಸ ಹಾಗೂ ವಿಷ ಉಗುಳುವ ನೀಲಿ-ಹಸಿರು ಪಾಚಿಯ ಗುರುತುಗಳು ಸಿಕ್ಕವು. ಪಾದರಸ ಬಂದದ್ದು ಗೋಡೆಗಳಿಗೆ, ಸಮಾಧಿಗಳಿಗೆ ಬಳಿದ ಇಂಗಳೀಕದ (ಪಾದರಸದ ಅದಿರು) ಕೆಂಪು ಬಣ್ಣದಿಂದ. ಪ್ರತಿ ಮಳೆಗೂ ಬಣ್ಣ ತೊಳೆದು ಕೆರೆ ಸೇರುತ್ತಿತ್ತು. ಅಡುಗೆಮನೆಯ ಕಸ, ಕೊಳಚೆ ಸೇರಿ ಪಾಚಿಗೆ ಗೊಬ್ಬರವಾಯಿತು. ನೀರು ಕುದಿಸಿದರೂ ಪಾಚಿಯ ವಿಷ ಹೋಗುವುದಿಲ್ಲ. ನಗರದ ಪ್ರವೇಶದ್ವಾರದತ್ತ ಇರುವ ಕೊರಿಯೆಂಟಲ್ ಕೆರೆಯಲ್ಲಿ ಮಾತ್ರ ಜಿಯೋಲೈಟ್ ಎಂಬ ಖನಿಜ ಮತ್ತು ಸ್ಫಟಿಕ ಮರಳಿನ ಶೋಧಕ ಇದ್ದ ಕುರುಹಿದೆ, ಅದರ ನೀರು ಎಷ್ಟೋ ವಾಸಿ. ಅಂದರೆ ಬರ ಬಂದಾಗ ನೀರು ಕಡಿಮೆಯಾದದ್ದಷ್ಟೇ ಅಲ್ಲ, ಉಳಿದ ನೀರಿನಲ್ಲಿ ವಿಷ ಗಟ್ಟಿಯಾಯಿತು. ಅದೂ ರಾಜನ ಮನೆಬಾಗಿಲಲ್ಲೇ. ಮಳೆ ತರಿಸುವುದು ತನ್ನ ಕೆಲಸ ಎಂದುಕೊಂಡಿದ್ದ ರಾಜನಿಗೆ ಇದಕ್ಕಿಂತ ದೊಡ್ಡ ಮುಖಭಂಗ ಬೇಕೆ?

ಇನ್ನು ಮೂರನೇ ದೇಗುಲ. ನಾಲ್ಕನೆಯದಕ್ಕೆ ಓಡುವ ಭರದಲ್ಲಿ ಗುಂಪುಗಳು ಇದನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತವೆ. ಮೇಲೆ ಹತ್ತಲು ಬಿಡುವುದಿಲ್ಲ, ಆದರೆ ಬುಡದಲ್ಲಿರುವ 24ನೇ ಶಾಸನಕಂಬ ಕ್ರಿ.ಶ. 810ರದು. ಇಲ್ಲಿ ಎದ್ದ ಕೊನೆಯ ದೊಡ್ಡ ದೇಗುಲ ಇದು. ಬಾಗಿಲ ತೊಲೆಗಳ ಕಥೆಯನ್ನೂ ಇಲ್ಲೇ ಕೇಳಬೇಕು. ಮೊದಲೆಲ್ಲ ಸಪೋಟ ಮರದ ಭಾರೀ ತೊಲೆಗಳು. 741ರ ಸುಮಾರಿಗೆ ಅವು ನಿಂತು, ಜೌಗಿನಲ್ಲಿ ಬೆಳೆಯುವ, ಕೆತ್ತನೆಗೆ ಬಗ್ಗದ ಲಾಗ್‌ವುಡ್ ಬರುತ್ತದೆ. 810ರ ಹೊತ್ತಿಗೆ ಸಪೋಟ ಮತ್ತೆ ಕಾಣುತ್ತದೆ, ಆದರೆ ತೊಲೆಗಳು ಸಣ್ಣವು. ಹಳೆಯ ದೊಡ್ಡ ಮರಗಳು ಮುಗಿದಿದ್ದವು. ನಾಲ್ಕನೇ ದೇಗುಲದ ಪ್ರಸಿದ್ಧ ಕೆತ್ತನೆ ತೊಲೆಗಳನ್ನು ಮೇಲೆ ಹುಡುಕಬೇಡಿ, ಅವು ಸ್ವಿಟ್ಜರ್ಲೆಂಡಿನ ಬಾಸೆಲ್ ಮ್ಯೂಸಿಯಂನಲ್ಲಿವೆ.

ಮಹಾ ಚೌಕಕ್ಕೆ ಮರಳಿ 11ನೇ ಶಾಸನಕಂಬ ಕೇಳಿ ನೋಡಿ. ಇಸವಿ 869. ಟಿಕಾಲ್‌ನಲ್ಲಿ ಇದರ ನಂತರದ ತೇದಿಯಿರುವ ಶಾಸನ ಸಿಕ್ಕಿಲ್ಲ. ಗೈಡ್ ಗೊತ್ತುಮಾಡುವ ಮೊದಲೇ ಕೇಳಬಹುದಾದ ಪ್ರಶ್ನೆಯೂ ಇದೇ: ‘ಹನ್ನೊಂದನೇ ಕಂಬ ತೋರಿಸುತ್ತೀರಾ?’ ಯಾವುದದು ಎಂದು ತಡವರಿಸಿದರೆ ಬೇರೆಯವರನ್ನು ನೋಡಿ.

ಬರಕ್ಕೆ ಪುರಾವೆ ಗಟ್ಟಿಯಾಗಿದೆ. ಯುಕಟಾನ್‌ನ ಚಿಚಾಂಕನಾಬ್ ಸರೋವರದ ಹೂಳನ್ನು ಆಧರಿಸಿದ 2018ರ ಲೆಕ್ಕದ ಪ್ರಕಾರ ಆ ಕಾಲದಲ್ಲಿ ವರ್ಷದ ಮಳೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆದರೂ ಒಳ್ಳೆಯ ಗೈಡ್ ಅಲ್ಲಿಗೇ ನಿಲ್ಲಬಾರದು. ಬೇರೆ ಮಾಯಾ ನಗರಗಳನ್ನೂ ನೋಡಿ: ಪಲೆಂಕೆಯ ಕೊನೆಯ ಶಾಸನದ ತೇದಿ 799, ಯಾಶ್‌ಚಿಲಾನ್‌ನದು 808. ಎರಡೂ ಟಿಕಾಲ್‌ಗಿಂತ ನೀರಿಗೆ ಎಷ್ಟೋ ಅನುಕೂಲದ ಜಾಗಗಳು, ಯಾಶ್‌ಚಿಲಾನ್ ಅಂತೂ ಉಸುಮಸಿಂಟಾ ನದಿಯ ದಂಡೆಯಲ್ಲೇ ಇದೆ. ಕೋಪಾನ್‌ನಲ್ಲಿ 822ರ ಪೀಠವೊಂದು ಅರ್ಧ ಕೆತ್ತಿ ನಿಂತಿದೆ. ಟೊನಿನಾ 909ರವರೆಗೂ ಕಂಬ ನಿಲ್ಲಿಸಿತು. ಇತ್ತ ಮಳೆ ಕಡಿಮೆಯಿರುವ ಉತ್ತರದಲ್ಲಿ ಚಿಚೆನ್ ಇಟ್ಜಾ ಇದೇ ಕಾಲದಲ್ಲಿ ಮೇಲೇರಿತು. ಬರ ಒಂದೇ ಕಾರಣವಾಗಿದ್ದರೆ ನದಿದಂಡೆಯ ಊರು ಮೊದಲು ಬಿದ್ದು ಒಣನೆಲದ ಊರು ಬೆಳೆಯುತ್ತಿರಲಿಲ್ಲ. ಯುದ್ಧ, ವ್ಯಾಪಾರದ ದಾರಿ ಬದಲಾದದ್ದು, ರಾಜಮನೆತನಗಳ ಮೇಲಿನ ನಂಬಿಕೆ ಕುಸಿದದ್ದು ಎಲ್ಲವನ್ನೂ ಸೇರಿಸದೆ ಲೆಕ್ಕ ಕೂಡುವುದಿಲ್ಲ.

‘ಮಾಯಾ ಜನ ಮಾಯವಾದರು’ ಎಂಬ ಮಾತು ಕೇಳಿದರೆ ಅಲ್ಲೇ ತಡೆಯಿರಿ. ಟೂರ್ ಹೊರಡುವ ಫ್ಲೋರೆಸ್ ದ್ವೀಪವೇ ಇಟ್ಜಾ ಮಾಯಾಗಳ ರಾಜಧಾನಿ ನೊಹ್‌ಪೆಟೆನ್, ಅದು ಸ್ಪೇನಿನವರ ಕೈಸೇರಿದ್ದು 1697ರಲ್ಲಿ. ಮಾಯಾ ಭಾಷೆಗಳನ್ನಾಡುವವರು ಇಂದಿಗೂ ಲಕ್ಷಾಂತರ ಮಂದಿ.

ಸೂರ್ಯೋದಯದ ಪ್ಯಾಕೇಜ್ ಈ ಉದ್ದೇಶಕ್ಕೆ ದಂಡ. ಅದಕ್ಕೆ ಬೇರೆ ಟಿಕೆಟ್, ಬಹಳ ದಿನ ಮಂಜು ಮುಸುಕಿ ಸೂರ್ಯ ಕಾಣುವುದೇ ಇಲ್ಲ. ಕೆರೆ ನೋಡುವ ಹೊತ್ತಿಗೆ ಕಾಲು ಸೋತಿರುತ್ತದೆ. ಬೆಳಿಗ್ಗೆ 6ಕ್ಕೆ ಬಾಗಿಲು ತೆರೆಯುವಾಗ ಹೋಗಿ, ತಂಪಿನಲ್ಲಿ ಕೆರೆ ಮತ್ತು ಚೌಕ ಮುಗಿಸಿ, ನಾಲ್ಕನೇ ದೇಗುಲದ ಮರದ ಮೆಟ್ಟಿಲನ್ನು ಕೊನೆಗಿಡಿ. ವಿದೇಶಿಯರಿಗೆ ಪ್ರವೇಶ 150 ಕೆಟ್ಸಾಲ್ (ಗ್ವಾಟೆಮಾಲಾದ ಹಣ) ಇದ್ದದ್ದು, ಹೋಗುವ ಮುನ್ನ ದರ ಖಚಿತಪಡಿಸಿಕೊಳ್ಳಿ. ಟೂರ್ ದರದಲ್ಲಿ ಇದು ಸೇರಿದೆಯೇ ಎಂದೂ ಕೇಳಿ, ಹಲವು ಕಡೆ ಸೇರಿರುವುದಿಲ್ಲ. ಪಾಸ್‌ಪೋರ್ಟ್ ಜೊತೆಗಿರಲಿ. ತಲೆಗೆ ಎರಡು ಲೀಟರ್ ನೀರು ಬೇಕೇಬೇಕು. ಮಳೆ ಬಿದ್ದ ಮೇಲೆ ಸುಣ್ಣಕಲ್ಲು ಜಾರುತ್ತದೆ, ಹಿಡಿತವಿಲ್ಲದ ಚಪ್ಪಲಿ ಬೇಡ.

ಟಿಕಾಲ್ ಕೊಡಲಾಗದ್ದು ಒಂದಿದೆ: ಕೊನೆಗಾಲದ ಯುದ್ಧದ ಚಿತ್ರ. ಅದಕ್ಕೆ ಅಗ್ವಾಟೆಕಾಗೆ ಇನ್ನೊಂದು ದಿನ ಇಡಿ. ಸುಮಾರು 810ರಲ್ಲಿ ಶತ್ರುಗಳು ಸುಟ್ಟ ಊರು ಅದು. ಗಣ್ಯರು ಪಾತ್ರೆ-ಪಡಗವನ್ನು ಇದ್ದಲ್ಲೇ ಬಿಟ್ಟು ಓಡಿದ್ದರು. ಆತುರದಲ್ಲಿ ಎಬ್ಬಿಸಿದ ಗೋಡೆಗಳ ಸಾಲು, ಕೋಟೆಯ ಕಂದಕದಂತೆ ಬಳಸಿಕೊಂಡ ಬಂಡೆಯ ಸೀಳು ಎರಡೂ ಕಣ್ಣಿಗೆ ಕಾಣುತ್ತವೆ. ಸಯಾಶ್ಚೆ ಪಟ್ಟಣದಿಂದ ದೋಣಿಯಲ್ಲಿ ಹೋಗಬೇಕು. ಬಾಡಿಗೆ ಇಡೀ ದೋಣಿಗೆ, ತಲೆಗಲ್ಲ. ನಾಲ್ಕೈದು ಮಂದಿ ಸೇರಿಸಿಕೊಂಡರೆ ಗಿಟ್ಟುತ್ತದೆ.