ಡೊಮಿನಿಕಾಗೆ ಮೂರು ದಾರಿ: ನೇರ ವಿಮಾನ, ಮಯಾಮಿ, ಬಾರ್ಬಡೋಸ್

ನ್ಯೂಜೆರ್ಸಿಯಿಂದ ಡೊಮಿನಿಕಾಗೆ ನಾನು ಮೂರು ದಾರಿಯಲ್ಲೂ ಹೋಗಿ ನೋಡಿದ್ದೇನೆ. ಇದು ಡೊಮಿನಿಕನ್ ರಿಪಬ್ಲಿಕ್ ಅಲ್ಲ. ಗ್ವಾಡೆಲೂಪ್ ಮತ್ತು ಮಾರ್ಟಿನೀಕ್ ನಡುವೆ ಇರುವ, ಬೆಟ್ಟ ಕಾಡು ತುಂಬಿದ ಪುಟ್ಟ ದೇಶ. ಟಿಕೆಟ್ ಹುಡುಕುವಾಗ ವಿಮಾನ ನಿಲ್ದಾಣದ ಹೆಸರು ಡಗ್ಲಸ್-ಚಾರ್ಲ್ಸ್ ಅಂತ ಇದೆಯಾ ನೋಡಿಕೊಳ್ಳಿ. ಪುಂಟಾ ಕಾನಾ ಅಂತ ಇದ್ದರೆ ನೀವು ಬೇರೆ ದೇಶಕ್ಕೇ ಹೊರಟಿದ್ದೀರಿ!

ಎಲ್ಲರೂ ಕೇಳುವುದು ಎಷ್ಟು ಗಂಟೆ, ಎಷ್ಟು ಡಾಲರ್ ಅಂತ. ನಾನು ಈಗ ಮೊದಲು ನೋಡುವುದು ಇನ್ನೊಂದನ್ನು. ಈ ವಿಮಾನ ತಪ್ಪಿದರೆ ಮುಂದಿನದು ಯಾವಾಗ?

ನ್ಯೂಜೆರ್ಸಿಯ ನೆವಾರ್ಕ್‌ನಿಂದ ಯುನೈಟೆಡ್ ಏರ್‌ಲೈನ್ಸ್‌ನ ನೇರ ವಿಮಾನ ಶುರುವಾಗಿದ್ದು 2025ರ ಫೆಬ್ರವರಿಯಲ್ಲಿ. ವಾರಕ್ಕೆ ಒಂದೇ, ಶನಿವಾರ. ಸುಖ ಬೇಕು ಅಂದರೆ ಇದೇ. ಸುಮಾರು ಐದು ಗಂಟೆ ಕೂತರೆ ಆಯಿತು. ಡೊಮಿನಿಕಾದ ರನ್‌ವೇ ಚಿಕ್ಕದು, ಸುತ್ತ ಬೆಟ್ಟ, ಒಂದು ತುದಿಗೆ ಸಮುದ್ರ. ಹಾಗಾಗಿ ಬರುವುದು ಸಾಲಿಗೆ ನಾಲ್ಕೇ ಸೀಟಿರುವ ಚಿಕ್ಕ ಜೆಟ್. ಮಕ್ಕಳ ಶಾಲೆಗೆ ರಜೆ ಇರುವ ವಾರಗಳಲ್ಲಿ ಸೀಟು ಬೇಗ ಮುಗಿದುಹೋಗುತ್ತದೆ. ಶನಿವಾರ ಹೋಗಿ ಶನಿವಾರ ಬಂದರೆ ಆಫೀಸಿಗೆ ಐದೇ ದಿನ ರಜೆ ಹಾಕಿದರೆ ಸಾಕು, ಭಾನುವಾರ ಬಟ್ಟೆ ಒಗೆಯಲು ಉಳಿಯುತ್ತದೆ. ಆದರೆ ತಾರೀಖು ಬದಲಿಸಬೇಕು ಅಂದರೆ ಆಟ ಮುಗಿಯಿತು. 2020ರಿಂದ ಅಮೆರಿಕದ ದೊಡ್ಡ ಕಂಪನಿಗಳು ಸಾಮಾನ್ಯ ಟಿಕೆಟ್‌ಗೆ ಬದಲಾವಣೆ ಶುಲ್ಕ ತೆಗೆದುಹಾಕಿವೆ, ನಿಜ. ಬೇಸಿಕ್ ಎಕಾನಮಿಗೆ, ಅಂದರೆ ಎಲ್ಲಕ್ಕಿಂತ ಅಗ್ಗದ ಟಿಕೆಟ್‌ಗೆ, ಈ ಮಾತು ಬೇರೆ, ದರದ ವ್ಯತ್ಯಾಸವನ್ನಂತೂ ಕೊಡಲೇಬೇಕು. ಶುಲ್ಕ ಇಲ್ಲದಿದ್ದರೇನು, ಬದಲಿಸಿಕೊಳ್ಳಲು ಭಾನುವಾರ ನೇರ ವಿಮಾನವೇ ಇಲ್ಲವಲ್ಲ!

ಮಯಾಮಿ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿಂದ 2021ರ ಡಿಸೆಂಬರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಡೊಮಿನಿಕಾಗೆ ನೇರ ವಿಮಾನ ಶುರು ಮಾಡಿತು. ವಾರದಲ್ಲಿ ಹಲವು ದಿನ ವಿಮಾನ ಸಿಗುತ್ತದೆ. ಒಂದೇ ಟಿಕೆಟ್, ಲಗೇಜ್ ನೆವಾರ್ಕ್‌ನಲ್ಲಿ ಕೊಟ್ಟರೆ ಡೊಮಿನಿಕಾದಲ್ಲೇ ಕೈಗೆ ಬರುತ್ತದೆ. ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಹತ್ತಿಸುವುದು ಅವರ ಜವಾಬ್ದಾರಿ. ವಾಪಸ್ ಬರುವಾಗ ಮಾತ್ರ ಮಯಾಮಿಯಲ್ಲೇ ಇಮಿಗ್ರೇಷನ್ ಆಗಬೇಕು, ಲಗೇಜ್ ತೆಗೆದುಕೊಂಡು ಮತ್ತೆ ಕೊಡಬೇಕು, ಸೆಕ್ಯೂರಿಟಿ ಸಾಲಿನಲ್ಲಿ ಮತ್ತೆ ನಿಲ್ಲಬೇಕು. ಬಹಾಮಾಸ್‌ನ ನಸ್ಸಾವ್, ಅರೂಬಾ ಇಂಥ ಕಡೆ ಅಮೆರಿಕದ ಇಮಿಗ್ರೇಷನ್ ಹೊರಡುವ ಮೊದಲೇ ಮುಗಿಯುತ್ತದೆ, ಡೊಮಿನಿಕಾದಲ್ಲಿ ಆ ಅನುಕೂಲ ಇಲ್ಲ. ಆದರೂ ನಾನು ಬರುವಾಗಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮಯಾಮಿಯಿಂದ ನಮ್ಮ ಕಡೆಗೆ ದಿನಕ್ಕೆ ಎಷ್ಟೋ ವಿಮಾನ. ಹೋಗುವಾಗ ತಪ್ಪಿದರೇ ಕಷ್ಟ. ಅದಕ್ಕೇ ಹೋಗುವ ದಿನ ನೆವಾರ್ಕ್‌ನ ಮೊಟ್ಟಮೊದಲ ವಿಮಾನ ಹಿಡಿಯುತ್ತೇನೆ, ಬರುವಾಗ ಮೂರು ಗಂಟೆ ಅಂತರ ಇಟ್ಟುಕೊಳ್ಳುತ್ತೇನೆ.

ಇನ್ನು ಬಾರ್ಬಡೋಸ್. ಭೂಪಟ ನೋಡಿದರೆ ಇದು ತಲೆ ಸುತ್ತ ಕೈ ತಂದು ಮೂಗು ಹಿಡಿದ ಹಾಗೆ. ಡೊಮಿನಿಕಾ ದಾಟಿ ಇನ್ನೂ ತೆಂಕಣಕ್ಕೆ ಹೋಗಿ, ಅಲ್ಲಿಂದ ಫ್ಯಾನಿನ ಚಿಕ್ಕ ವಿಮಾನದಲ್ಲಿ ವಾಪಸ್ ಮೇಲಕ್ಕೆ ಬರಬೇಕು. ನಾನು ಎರಡು ಬೇರೆ ಟಿಕೆಟ್ ತೆಗೆದುಕೊಂಡಿದ್ದೆ, ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣದಿಂದ ಬಾರ್ಬಡೋಸ್‌ನ ರಾಜಧಾನಿ ಬ್ರಿಡ್ಜ್‌ಟೌನ್‌ಗೆ ಒಂದು, ದ್ವೀಪದಿಂದ ದ್ವೀಪಕ್ಕೆ ಇನ್ನೊಂದು. ಹೊರಡಲು ಕೆಲವು ವಾರ ಇರುವಾಗ ಚಿಕ್ಕ ಕಂಪನಿಯಿಂದ ಮೇಲ್ ಬಂತು. ಸಂಜೆಯ ವಿಮಾನ ಬೆಳಗ್ಗೆಗೆ ಬದಲಾಗಿದೆಯಂತೆ. ನಮ್ಮ ನ್ಯೂಯಾರ್ಕ್ ವಿಮಾನ ಆ ಹೊತ್ತಿಗೆ ಹೊರಟೇ ಇರುವುದಿಲ್ಲ! ಟಿಕೆಟ್ ಬೇರೆ ಬೇರೆ ಆದ್ದರಿಂದ ಇವರಿಗೂ ಸಂಬಂಧ ಇಲ್ಲ, ಅವರಿಗೂ ಇಲ್ಲ.

ಇಲ್ಲೊಂದು ವಿಷಯ ತಿಳಿದಿರಲಿ. ಅಮೆರಿಕದ 2024ರ ನಿಯಮದ ಪ್ರಕಾರ, ಅಂತಾರಾಷ್ಟ್ರೀಯ ಪ್ರಯಾಣ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹಿಂದೆ ಮುಂದೆ ಆದರೆ, ಅಥವಾ ದಾರಿಯಲ್ಲಿ ಹೊಸದಾಗಿ ಇನ್ನೊಂದು ವಿಮಾನ ಬದಲಿಸುವ ಹಾಗಾದರೆ, ನೀವು ಬೇಡ ಅಂದರೆ ಪೂರ್ತಿ ಹಣ ವಾಪಸ್ ಕೊಡಬೇಕು. ನಾನ್-ರಿಫಂಡಬಲ್ ಟಿಕೆಟ್ ಆದರೂ ಸರಿ. ಆದರೆ ಅಮೆರಿಕಕ್ಕೆ ಸಂಬಂಧವೇ ಇಲ್ಲದ, ದ್ವೀಪದಿಂದ ದ್ವೀಪಕ್ಕೆ ತೆಗೆದ ಬೇರೆ ಟಿಕೆಟ್‌ಗೆ ಈ ರಕ್ಷಣೆ ಇಲ್ಲ.

ಸರಿ, ಎರಡು ರಾತ್ರಿ ಬಾರ್ಬಡೋಸ್‌ನಲ್ಲೇ ಉಳಿಯೋಣ ಅಂತ ತೀರ್ಮಾನ ಮಾಡಿದೆವು. ಭಾರತದ ಪಾಸ್‌ಪೋರ್ಟ್‌ಗೆ ಅಲ್ಲಿಗೂ ವೀಸಾ ಬೇಡ, ಡೊಮಿನಿಕಾಗೂ ಬೇಡ. ಬಸ್ಸಿಗೆ ಮೂರೂವರೆ ಬಾರ್ಬಡೋಸ್ ಡಾಲರ್, ಅಂದರೆ ಎರಡು ಅಮೆರಿಕನ್ ಡಾಲರ್‌ಗಿಂತ ಕಡಿಮೆ. ಕೆನ್ಸಿಂಗ್ಟನ್ ಓವಲ್ ಹತ್ತಿರ ಹೋಗಿ ನಿಂತೆ. 1997ರಲ್ಲಿ 120 ರನ್ ಬೆನ್ನಟ್ಟಿ ನಮ್ಮವರು 81ಕ್ಕೆ ಆಲೌಟ್ ಆದ ಮೈದಾನ. ಆ ತಂಡದಲ್ಲಿ ಆಡಿದ್ದ ದ್ರಾವಿಡ್ 2024ರಲ್ಲಿ ಇದೇ ಮೈದಾನದಲ್ಲಿ ಕೋಚ್ ಆಗಿ ಟಿ20 ವಿಶ್ವಕಪ್ ಎತ್ತಿದರು. ನನ್ನ ಹೆಂಡತಿಗೆ ಕ್ರಿಕೆಟ್ ಅಂದರೆ ಅಷ್ಟಕ್ಕಷ್ಟೇ, ಅವಳು ಸಮುದ್ರದ ಕಡೆ ಹೋದಳು. ಡೊಮಿನಿಕಾದಲ್ಲಿ ನದಿ, ಜಲಪಾತ, ಕುದಿಯುವ ಕೆರೆ ಎಲ್ಲ ಇದೆ. ಬಿಳಿ ಮರಳಿನ ದೊಡ್ಡ ದಂಡೆ ಕೇಳಬೇಡಿ. ಆ ಆಸೆಯನ್ನು ಬಾರ್ಬಡೋಸ್ ತೀರಿಸಿತು.

ಚಿಕ್ಕ ವಿಮಾನದಲ್ಲಿ ಇನ್ನೊಂದು ತೊಂದರೆ ತೂಕದ್ದು. ಜನ ತುಂಬಿದ್ದರೆ ಒಂದಿಷ್ಟು ಲಗೇಜ್ ಹಿಂದೆ ಉಳಿಯುತ್ತದೆ. ನಮ್ಮದೊಂದು ಪೆಟ್ಟಿಗೆ ಮಾರನೇ ದಿನ ಬಂತು. ವಿಮಾನ ನಿಲ್ದಾಣ ಇರುವುದು ಈಶಾನ್ಯ ತುದಿಯಲ್ಲಿ, ರಾಜಧಾನಿ ರೋಸೋ ನೈರುತ್ಯದಲ್ಲಿ. ನಡುವೆ ಒಂದು ಗಂಟೆಗೂ ಜಾಸ್ತಿ ತಿರುವಿನ ಬೆಟ್ಟದ ರಸ್ತೆ. ಪೆಟ್ಟಿಗೆಗೋಸ್ಕರ ಮತ್ತೆ ಓಡಾಡುವುದು ಸುಮ್ನೆ ಅಲ್ಲ. ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಗ್ವಾಡೆಲೂಪ್‌ನಿಂದ ಹಡಗಿನಲ್ಲೂ ಬರಬಹುದು. ಆದರೆ ಅದು ಫ್ರಾನ್ಸಿನ ನೆಲ, ನಮ್ಮ ಪಾಸ್‌ಪೋರ್ಟ್‌ಗೆ ವೀಸಾ ಬೇಕು. ಅದನ್ನು ಕೈಬಿಟ್ಟೆ. ಪಾಸ್‌ಪೋರ್ಟ್‌ನಲ್ಲಿ ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಸ್ಟಾಂಪ್‌ನ ಅವಧಿ ಮುಗಿದವರು ಮೂರು ದಾರಿಯನ್ನೂ ಮರೆಯಬೇಕು. ಕೆನಡಾ, ಮೆಕ್ಸಿಕೋಗೆ ಹೋಗಿ ಮೂವತ್ತು ದಿನದೊಳಗೆ ಬರುವವರಿಗೆ ಹಳೆಯ ಸ್ಟಾಂಪ್‌ನಲ್ಲೇ ಅಮೆರಿಕದ ಒಳಗೆ ಬರಲು ಇರುವ ವಿನಾಯಿತಿ ಅವರಿಗೆ ಈ ದ್ವೀಪಗಳಿಂದ ಸಿಗುವುದಿಲ್ಲ.

ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ನಾನು ಕಣ್ಣುಮುಚ್ಚಿ ನೇರ ವಿಮಾನ ಹಿಡಿಯುತ್ತೇನೆ. ನಾಲ್ಕು ದಿನದ ರಜೆಗೆ ಮಯಾಮಿ. ನಾವಿಬ್ಬರೇ ಆದರೆ ಮುಂದಿನ ಸಲ ಬೆರೆಸಿ ನೋಡಬೇಕು ಅಂತಿದೆ, ಹೋಗುವಾಗ ಬಾರ್ಬಡೋಸ್‌ನಲ್ಲಿ ಉಳಿದು, ಬರುವಾಗ ಶನಿವಾರದ ನೇರ ವಿಮಾನ. ಹಾಗೆ ಬಿಡಿ ಟಿಕೆಟ್ ತೆಗೆದುಕೊಂಡರೆ ವಾಪಸ್ ಟಿಕೆಟ್‌ನ ಪ್ರಿಂಟ್ ಕೈಯಲ್ಲಿರಲಿ, ಚೆಕ್-ಇನ್‌ನಲ್ಲಿ ಕೇಳುತ್ತಾರೆ.